ಮಗಳ ಹಳೇ ಟ್ರೊಂಬೋನಿನ ಬೆಲ್ ತಾಮ್ರದ ಹಾಗೆ ಕೆಂಪಗಿದೆ, ಲೋಹ ಕೊಳೆತಿದೆಯಾ? (ಕಾನ್, ಎಲ್ಕ್‌ಹಾರ್ಟ್)

ಸಹನಾ_ಕೊಲಂಬಸ್
ಎಲ್ಲರಿಗೂ ನಮಸ್ಕಾರ. ನಮ್ಮೂರು ತುಮಕೂರು, ಈಗ ಇರುವುದು ಓಹಾಯೋದ ಕೊಲಂಬಸ್ಸಿನಲ್ಲಿ. ಮಗಳು ಈ ವರ್ಷ ಆರನೇ ಕ್ಲಾಸು. ಇಲ್ಲಿ ಶಾಲೆಯಲ್ಲಿ ಬ್ಯಾಂಡ್ ಅಂದರೆ ಗಣಿತ, ವಿಜ್ಞಾನದ ಹಾಗೆ ಅದೂ ಒಂದು ಪಾಠ. ಇವಳ ಗೆಳತಿಯರೆಲ್ಲ ಫ್ಲೂಟ್, ಕ್ಲಾರಿನೆಟ್ ತಗೊಂಡರು. ಇವಳಿಗೆ ಮಾತ್ರ ಟ್ರೊಂಬೋನೇ (ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುವ ಹಿತ್ತಾಳೆ ವಾದ್ಯ) ಬೇಕು, ಬೇರೆ ಏನೂ ಬೇಡ.

ಹೋದ ವಾರ ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಮನೆ ಖಾಲಿ ಮಾಡುತ್ತಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಒಂದು ಟ್ರೊಂಬೋನ್ ಇತ್ತು, 60 ಡಾಲರಿಗೆ ಕೊಟ್ಟರು. ಬೆಲ್ (ಅರಳಿದ ಬಾಯಿ) ಮೇಲೆ ಸಿ. ಜಿ. ಕಾನ್, ಡೈರೆಕ್ಟರ್, ಎಲ್ಕ್‌ಹಾರ್ಟ್ ಇಂಡಿಯಾನಾ ಅಂತ ಕೆತ್ತಿದ್ದಾರೆ. ಸುತ್ತ ಬಾಲವಿರುವ ನಕ್ಷತ್ರಗಳು ಹಾರಿದ ಹಾಗೆ ಚಿತ್ತಾರ. ಸ್ಲೈಡ್ (ಜಾರುವ ಕೊಳವೆ) ಬೆಳ್ಳಿ ಬಣ್ಣ. ಆದರೆ ಬೆಲ್ ಪೂರ್ತಿ ಕೆಂಪು, ನಮ್ಮನೆ ತಾಮ್ರದ ಚೊಂಬಿನ ಬಣ್ಣ. ತುಟಿ ಇಟ್ಟು ಊದುವ ಮೌತ್‌ಪೀಸ್ ಕಚ್ಚಿಕೊಂಡು ಕೂತಿದೆ, ಬರುವುದೇ ಇಲ್ಲ.

ಹತ್ತಿರದ ಒಂದು ಸಂಗೀತದ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದವರು ನೋಡಿದ ತಕ್ಷಣ "ಇದು ರೆಡ್ ರಾಟ್, ಹಿತ್ತಾಳೆ ಒಳಗಿನಿಂದ ಕೊಳೆತಿದೆ, ಗೋಡೆಗೆ ತೂಗುಹಾಕಿ, ನಮ್ಮಲ್ಲಿ ಹೊಸದು ಬಾಡಿಗೆಗಿದೆ" ಎಂದರು. ಇನ್ನೊಬ್ಬರು ಮೌತ್‌ಪೀಸಿಗೆ ಇಕ್ಕಳ ಹಾಕಿ ತಿರುವಲು ಹೊರಟರು. ನಾನು ಬೇಡ ಅನ್ನುವಷ್ಟರಲ್ಲಿ ಹಲ್ಲಿನ ಗುರುತು ಬಿದ್ದಿತ್ತು. ಮಗಳ ಕಣ್ಣಲ್ಲಿ ನೀರು.

ನಿಜಕ್ಕೂ ಕೊಳೆತಿದೆಯಾ? ಈ ಕಾನ್ ಅಂದರೆ ಯಾರು? ದುಡ್ಡು ಹಾಕಿ ರಿಪೇರಿ ಮಾಡಿಸಬಹುದಾ?

ಸ್ಲೈಡ್_ಶ್ರೀ
ಸಹನಾ ಅವರೇ, ಮೊದಲು ಒಂದು ಮಾತು. ಅದನ್ನು ಎಸೆಯಬೇಡಿ, ಗೋಡೆಗೂ ಹಾಕಬೇಡಿ. ಎರಡು ವಿಷಯ ನೋಡಿ ಹೇಳಿ. ಒಂದು, ಸ್ಲೈಡು ಬೆಲ್ಲಿಗೆ ಸೇರುವ ಜಾಗದ ಹತ್ತಿರ ಸಣ್ಣ ಅಕ್ಷರದಲ್ಲಿ ನಂಬರ್ ಇರುತ್ತೆ, ಅದನ್ನು ಒರೆಸಿ ಓದಿ. ಎರಡು, ಟಾರ್ಚ್ ಹಿಡಿದು ಬೆಲ್ಲಿನ ಒಳಗೆ ಉದ್ದಕ್ಕೆ ಬೆಸುಗೆಯ ಗೆರೆ ಇದೆಯಾ ನೋಡಿ.

ಸಹನಾ_ಕೊಲಂಬಸ್
ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದೆ. ಉದ್ದ ನಂಬರಿನ ಜೊತೆ 18ಎಚ್ ಅಂತಿದೆ. ಒಳಗೆ ಗೆರೆ ಏನೂ ಕಾಣಲಿಲ್ಲ. ಮಗಳೂ ನೋಡಿದಳು. ನುಣುಪಾಗಿದೆ.

ಸ್ಲೈಡ್_ಶ್ರೀ
ಹಾಗಾದರೆ ಸಂಶಯವೇ ಬೇಡ. ಅದು ಕಾನ್ 18ಎಚ್, ಕೊಪ್ರಿಯಾನ್ ಬೆಲ್. ಅದು ಕೆಂಪಗಿರುವುದು ಕೊಳೆತು ಅಲ್ಲ, ಅದು ಹುಟ್ಟಿದ್ದೇ ಕೆಂಪಗೆ. ಹಿತ್ತಾಳೆಯೇ ಅಲ್ಲ, ತಾಮ್ರ.

ರೆಡ್ ರಾಟ್ ಅನ್ನುವುದು ನಿಜವಾದ ಕಾಯಿಲೆಯೇ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಸಿರಿನ ತೇವ, ಉಗುಳು ಒಳಗೆ ನಿಂತು ವರ್ಷಗಟ್ಟಲೆ ಒಣಗದಿದ್ದರೆ ಸತು ಕರಗಿ ಹೋಗುತ್ತೆ. ಉಳಿದ ತಾಮ್ರ ತೂತುತೂತಾಗಿ, ಹೊರಗೆ ಕೆಂಪು ಚುಕ್ಕೆಯಾಗಿ ಕಾಣುತ್ತೆ. ಅದು ಸಾಮಾನ್ಯವಾಗಿ ಬರುವುದು ಬಾಯಿ ಹತ್ತಿರದ ಕೊಳವೆಯಲ್ಲಿ, ಸ್ಲೈಡಿನಲ್ಲಿ. ಚುಕ್ಕೆ ಚುಕ್ಕೆಯಾಗಿ ಬರುತ್ತೆ, ಇಡೀ ಬೆಲ್ ಒಂದೇ ಬಣ್ಣಕ್ಕೆ ತಿರುಗುವುದಿಲ್ಲ. ಸತುವೇ ಇಲ್ಲದ ಬೆಲ್ಲಿಗೆ ಈ ಕಾಯಿಲೆ ಬರುವುದಾದರೂ ಹೇಗೆ?

ಸಹನಾ_ಕೊಲಂಬಸ್
ಅಯ್ಯೋ, ಎಷ್ಟು ಸಮಾಧಾನ ಆಯ್ತು! ಮಗಳಿಗೆ ಓದಿ ಹೇಳಿದೆ. ಪೆಟ್ಟಿಗೆ ತೆಗೆದುಕೊಂಡು ಮಹಡಿಗೆ ಓಡಿದಳು.

ಕಂಚುಗಾರ_ಓಣಿ
ಬೆಸುಗೆಯ ಗೆರೆ ಇಲ್ಲದೆ ತಾಮ್ರದ ಅಷ್ಟು ಉದ್ದದ ಬಾಯಿ ಹೇಗೆ ಮಾಡಿದರು? ನಮ್ಮ ಅಜ್ಜ, ಅಪ್ಪ ಹಂಡೆ ಕೊಡ ಬಡಿದವರು. ಒಂದೇ ತಗಡನ್ನು ಕಾಸಿ ಬಡಿದು ತಗ್ಗು ಮಾಡಬಹುದು. ಆದರೆ ಬೆರಳು ದಪ್ಪದಿಂದ ಶುರುವಾಗಿ ತಟ್ಟೆಯಷ್ಟು ಅಗಲ ಆಗುವ ಉದ್ದನೆಯ ಕೊಳವೆ ಬೆಸುಗೆ ಇಲ್ಲದೆ ಬರುವುದು ಅಸಾಧ್ಯ ಅಂತಲೇ ನನ್ನ ಅನಿಸಿಕೆ. ನಯವಾಗಿ ಉಜ್ಜಿ ಗೆರೆ ಮುಚ್ಚಿರಬೇಕು.

ಸ್ಲೈಡ್_ಶ್ರೀ
ಇಲ್ಲ ಅಣ್ಣ, ಬಡಿದದ್ದೇ ಅಲ್ಲ ಅದು. ವಿದ್ಯುತ್ತಿನಿಂದ ಬೆಳೆಸಿದ್ದು. ಕಾನ್ ಕಂಪನಿಯವರು 1930ರ ದಶಕದಲ್ಲಿ ಈ ಕೆಲಸ ಕೈಗೆತ್ತಿಕೊಂಡರು. ಬೆಲ್ಲಿನ ಆಕಾರದ ಅಚ್ಚನ್ನು ತಾಮ್ರದ ದ್ರಾವಣದಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಅಚ್ಚಿನ ಮೇಲೆ ತಾಮ್ರ ಕೂರಿಸುವುದು. ಬೇಕಾದಷ್ಟು ದಪ್ಪ ಆದಮೇಲೆ ಅಚ್ಚಿನಿಂದ ಕಳಚುವುದು. ಅದಕ್ಕೆ ಇಟ್ಟ ಹೆಸರೇ ಕೊಪ್ರಿಯಾನ್.

ಪೀಣ್ಯ_ಪ್ಲೇಟಿಂಗ್
ಇದು ನನ್ನ ಕಸುಬು, ಬರೆಯದೆ ಇರಲಾರೆ. ಪೀಣ್ಯದಲ್ಲಿ 22 ವರ್ಷ ಪ್ಲೇಟಿಂಗ್ ತೊಟ್ಟಿಯ ಪಕ್ಕ ನಿಂತವನು ನಾನು.

ನಾವು ಮಾಡುವ ಪ್ಲೇಟಿಂಗಿನಲ್ಲಿ ಕೂತ ಲೋಹ ಬಿಟ್ಟು ಬಂದರೆ ಮಾಲು ವಾಪಸ್. ಅಚ್ಚಿನ ಮೇಲೆ ಬೆಳೆಸುವ ಕೆಲಸದಲ್ಲಿ ಉಲ್ಟಾ, ಕೂತದ್ದು ಪೂರ್ತಿ ಬಿಟ್ಟು ಬರಬೇಕು. ಉದಾಹರಣೆಗೆ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ತಾಮ್ರ ನೇರವಾಗಿ ಕೂರಿಸಿದರೆ ಕಚ್ಚುವುದಿಲ್ಲ, ಮೇಲೆ ತೆಳ್ಳಗೆ ಆಕ್ಸೈಡ್ ಪದರ ಇರುತ್ತಲ್ಲ. ನಮಗೆ ಅದು ತಲೆನೋವು, ಈ ಕೆಲಸಕ್ಕೆ ಅದೇ ಅನುಕೂಲ.

ನಿಜವಾದ ಕಷ್ಟ ಬೇರೆ. ಕರೆಂಟು ಯಾವಾಗಲೂ ಅಂಚಿಗೆ, ಮೂಲೆಗೆ ಓಡುತ್ತೆ. ಅಲ್ಲಿ ತಾಮ್ರ ದಪ್ಪಗೆ ಕೂರುತ್ತೆ, ಸಣ್ಣ ಸಣ್ಣ ಗುಳ್ಳೆ ಥರ ಗಂಟು ಬೆಳೆಯುತ್ತೆ. ಬೆಲ್ಲಿನ ಅಗಲದ ಅಂಚು ಅಂದರೆ ಕರೆಂಟಿಗೆ ಹಬ್ಬ! ಹಾಗೇ ಬಿಟ್ಟರೆ ಅಂಚು ರೊಟ್ಟಿಯ ದಪ್ಪ, ಕುತ್ತಿಗೆ ಕಾಗದದ ದಪ್ಪ. ಅದಕ್ಕೇ ಅಡ್ಡಗೋಡೆ ಇಡಬೇಕು, ಆನೋಡ್ (ತೊಟ್ಟಿಯಲ್ಲಿ ಎದುರಿಗೆ ಇಡುವ ತಾಮ್ರದ ತುಂಡು) ಜಾಗ ಬದಲಿಸಬೇಕು, ಮಾಲನ್ನು ತಿರುಗಿಸುತ್ತಾ ಇರಬೇಕು, ಕರೆಂಟು ಕಡಿಮೆ ಇಟ್ಟು ತಾಳ್ಮೆಯಿಂದ ಕಾಯಬೇಕು. ಆ ಕಾಲದಲ್ಲಿ ಸಂಗೀತದ ವಾದ್ಯಕ್ಕೆ ಇದನ್ನು ಮಾಡಿದ್ದಾರೆ ಅಂದರೆ ಅವರ ಪ್ಲೇಟಿಂಗ್ ವಿಭಾಗದವರಿಗೆ ಕೈ ಮುಗಿಯುತ್ತೇನೆ.

ಇನ್ನೊಂದು. ಟ್ರೊಂಬೋನಿನ ಬೆಲ್ ನೇರ ಇರುತ್ತೆ, ಬಾಗಿದ ಭಾಗ ಹಿಂದೆ ಬೇರೆ ತುಂಡಾಗಿ ಇರುತ್ತೆ, ಸರಿ ತಾನೇ? ಹಾಗಿದ್ದರೆ ಅಚ್ಚು ಸಲೀಸಾಗಿ ಜಾರಿ ಬರುತ್ತೆ. ಟ್ರಂಪೆಟ್ಟಿನ ಬೆಲ್ಲಾದರೆ ಬೆಳೆಸಿದ ಮೇಲೆ ಬಗ್ಗಿಸಬೇಕಾಗುತ್ತೆ.

ಕಂಚುಗಾರ_ಓಣಿ
ಒಪ್ಪಿದೆ. ತಪ್ಪು ತಿಳಿದಿದ್ದೆ. ಹಾಗಾದರೆ ಹಿತ್ತಾಳೆಯ ಬೆಲ್ ಹೇಗೆ ಮಾಡುತ್ತಾರೆ? ಅದಾದರೂ ನಮ್ಮ ದಾರಿಯದ್ದೇ ಇರಬೇಕು.

ಸ್ಲೈಡ್_ಶ್ರೀ
ಖಂಡಿತ ನಿಮ್ಮ ದಾರಿಯದ್ದೇ. ತಗಡನ್ನು ಬಾಲವಿರುವ ಗಾಳಿಪಟದ ಆಕಾರಕ್ಕೆ ಕತ್ತರಿಸುತ್ತಾರೆ. ಉದ್ದಕ್ಕೆ ಮಡಚಿ ಎರಡು ಅಂಚು ಕೂಡಿಸಿ ಗಟ್ಟಿ ಬೆಸುಗೆ. ಆಮೇಲೆ ಉಕ್ಕಿನ ಅಚ್ಚಿಗೆ ಏರಿಸಿ ಬಡಿಯುವುದು. ಬಡಿದಷ್ಟೂ ಹಿತ್ತಾಳೆ ಬಿರುಸಾಗುತ್ತೆ, ಇನ್ನೂ ಬಡಿದರೆ ಸೀಳುತ್ತೆ. ಆಗ ಕೆಂಪಗೆ ಕಾಸಿ ಮೆತ್ತಗೆ ಮಾಡಿ ಮತ್ತೆ ಬಡಿಯುವುದು. ಕೊನೆಗೆ ಲೇತಿನ ಮೇಲೆ ತಿರುಗಿಸಿ ಉದ್ದನೆಯ ಕೋಲಿನಿಂದ ಒತ್ತಿ ಅಚ್ಚಿಗೆ ಅಂಟಿಸುವುದು. ಅಂಚಿಗೆ ತಂತಿ ಇಟ್ಟು ಮಡಚುವುದು.

ಎರಡು ತುಂಡಿನ ಬೆಲ್ಲೂ ಇವೆ. ಅಗಲದ ಬಾಯಿ ಒಂದು, ಕುತ್ತಿಗೆ ಇನ್ನೊಂದು, ಮಧ್ಯೆ ಉಂಗುರದ ಹಾಗೆ ಬೆಸುಗೆ.

ಕಂಚುಗಾರ_ಓಣಿ
ಬಾಯಂಚಿಗೆ ತಂತಿ! ನಮ್ಮ ಮನೆಯಲ್ಲೂ ಬಾಯಂಚಿಗೆ ತಂತಿ ಇಟ್ಟೇ ಮಡಚುತ್ತಿದ್ದರು. ಅಪ್ಪ ಮಡಚಿದ ಮೇಲೆ ಉಗುರಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ತಂತಿ ಎಲ್ಲಾದರೂ ಸಡಿಲ ಇದ್ದರೆ ಅಲ್ಲಿ ಝರ್ ಅನ್ನುತ್ತಿತ್ತು. ಬೆಲ್ಲಿಗೂ ಹಾಗೇ ಆಗುತ್ತಾ?

ಸ್ಲೈಡ್_ಶ್ರೀ
ಅದೇ ಥರ. ತಂತಿ ಸಡಿಲ ಆದರೆ ಕೆಲವು ಸ್ವರ ಊದಿದಾಗ ಝೇಂಕಾರ ಬರುತ್ತೆ. ಅದಕ್ಕೇ ಒಳ್ಳೆಯ ತಯಾರಕರು ತಂತಿಗೂ ಬೆಸುಗೆ ಹರಿಸುತ್ತಾರೆ.

ಜ್ಞಾನಪಿಪಾಸು
ಟ್ರೊಂಬೋನ್ ಕಂಡುಹಿಡಿದದ್ದೇ ಈ ಕಾನ್ ಅಂತ ಎಲ್ಲೋ ಓದಿದ ನೆನಪು.

ಲೆಕ್ಕದ_ಮೇಷ್ಟ್ರು
ತಪ್ಪು. ಕಾನ್ ಹುಟ್ಟಿದ್ದೇ 1844ರಲ್ಲಿ. ಇಂದು ಉಳಿದಿರುವ ಅತಿ ಹಳೆಯ ಟ್ರೊಂಬೋನಿನ ಮೇಲೆ 1551 ಅಂತ ಇಸವಿ ಇದೆ. ಮಾಡಿದವನು ಎರಾಸ್ಮಸ್ ಶ್ನಿಟ್ಸರ್, ಊರು ಜರ್ಮನಿಯ ನ್ಯೂರೆಂಬರ್ಗ್. ಅದೇ ಊರಿನ ಮ್ಯೂಸಿಯಮ್ಮಿನಲ್ಲಿ ಈಗಲೂ ಇದೆ. ಆಗ ಆ ಊರು ಹಿತ್ತಾಳೆ ವಾದ್ಯಗಳಿಗೆ ಹೆಸರುವಾಸಿ. ನೋಯ್ಶೆಲ್ ಮನೆತನ, ಶ್ನಿಟ್ಸರ್ ಮನೆತನ ಎಲ್ಲ ಅಲ್ಲಿಯವರೇ. ಇಂಗ್ಲಿಷರು ಆಗ ಈ ವಾದ್ಯವನ್ನು ಸ್ಯಾಕ್‌ಬಟ್ ಅನ್ನುತ್ತಿದ್ದರು.

ನನಗೆ ಬೆರಗು ಹುಟ್ಟಿಸುವ ಸಂಗತಿ ಏನೆಂದರೆ, ಆ 1551ರ ವಾದ್ಯವನ್ನು ಇಂದಿನ ಟ್ರೊಂಬೋನ್ ವಾದಕರ ಕೈಗೆ ಕೊಟ್ಟರೆ ಅವರಿಗೆ ಅದು ಅರ್ಥವಾಗುತ್ತೆ. ಬೆಲ್ ಚಿಕ್ಕದು, ಕೊಳವೆ ಸಪೂರ, ಅಷ್ಟೇ. ಟ್ರಂಪೆಟ್ಟಿಗೆ, ಹಾರ್ನಿಗೆ ವಾಲ್ವ್ (ಒತ್ತಿ ಸ್ವರ ಬದಲಿಸುವ ಕೀಲಿ) ಬಂದದ್ದು 19ನೇ ಶತಮಾನದಲ್ಲಿ. ಟ್ರೊಂಬೋನ್ ಅದಕ್ಕೂ ಮೊದಲೇ ಎಲ್ಲ ಸ್ವರ ನುಡಿಸುತ್ತಿತ್ತು.

ಗಮಕಪ್ರಿಯ
ಅಂದರೆ ಜಾರುಗಮಕಕ್ಕೆ ಹೇಳಿ ಮಾಡಿಸಿದ ವಾದ್ಯ! ಸ್ವರಕ್ಕೂ ಸ್ವರಕ್ಕೂ ಮಧ್ಯೆ ಗೋಡೆಯೇ ಇಲ್ಲ.

ಲೆಕ್ಕದ_ಮೇಷ್ಟ್ರು
ಗೋಡೆ ಇಲ್ಲ ಅನ್ನುವುದೇ ಕಷ್ಟವೂ ಹೌದು. ಲೆಕ್ಕ ಹಾಕಿ ನೋಡಿ. ಸ್ಲೈಡ್ ಪೂರ್ತಿ ಒಳಗಿದ್ದಾಗ ಕೊಳವೆಯ ಉದ್ದ ಸುಮಾರು 270 ಸೆಂಟಿಮೀಟರ್. ಅರ್ಧ ಸ್ವರ ಇಳಿಸಬೇಕಾದರೆ ಉದ್ದ ಸುಮಾರು ನೂರಕ್ಕೆ 6ರಷ್ಟು ಹೆಚ್ಚಬೇಕು, ಅಂದರೆ 16 ಸೆಂಟಿಮೀಟರ್. ಸ್ಲೈಡಿನಲ್ಲಿ ಹೋಗುವ ಕೊಳವೆ ಒಂದು, ಬರುವ ಕೊಳವೆ ಒಂದು. ಹಾಗಾಗಿ ಕೈ ಚಾಚಬೇಕಾದದ್ದು ಅದರರ್ಧ, 8 ಸೆಂಟಿಮೀಟರ್. ಆದರೆ ಮುಂದೆ ಹೋದಂತೆ ಹೆಜ್ಜೆ ದೊಡ್ಡದಾಗುತ್ತೆ. ಸ್ಲೈಡ್ ನಿಲ್ಲಿಸುವ ಜಾಗಗಳಲ್ಲಿ ಆರರಿಂದ ಏಳನೆಯದಕ್ಕೆ ಹೋಗಲು ಸುಮಾರು 10.7 ಸೆಂಟಿಮೀಟರ್ ಬೇಕು. ವೀಣೆಯಲ್ಲಿ ಮೆಟ್ಟಿಲಿನ ಅಂತರ ಒಂದೇ ಸಮ ಇರುವುದಿಲ್ಲವಲ್ಲ, ಅದೇ ಲೆಕ್ಕ. ಒಟ್ಟು ಏಳು ಜಾಗ, ಕೊನೆಯದಕ್ಕೆ ಕೈ ಸುಮಾರು 56 ಸೆಂಟಿಮೀಟರ್ ಚಾಚಬೇಕು.

ಸಹನಾ ಮೇಡಂ, ಆರನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಏಳನೇ ಜಾಗ ಎಟುಕುವುದಿಲ್ಲ. ಮಗಳಿಗೆ ಎಟುಕದಿದ್ದರೆ ಬೇಜಾರು ಬೇಡ ಅಂತ ಹೇಳಿ.

ಸಹನಾ_ಕೊಲಂಬಸ್
ಹೌದು ಸರ್, ಐದರವರೆಗೆ ಬರುತ್ತೆ. ಆರಕ್ಕೆ ಭುಜ ಪೂರ್ತಿ ಮುಂದೆ ತರುತ್ತಾಳೆ.

ಹಳೇ_ಬ್ಯಾಂಡ್‌ಮನ್
ನಮಸ್ಕಾರ. ನಾನು ಸೇನೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ಊದಿದವನು, ಈಗ ನಿವೃತ್ತ. ಕಲಿತದ್ದು ಮಧ್ಯಪ್ರದೇಶದ ಪಚ್‌ಮಡಿಯಲ್ಲಿ. ಅಲ್ಲಿನ ಮಿಲಿಟರಿ ಸಂಗೀತದ ಶಾಲೆ ಶುರುವಾದದ್ದು 1950ರಲ್ಲಿ, ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಆಸರೆಯಲ್ಲಿ. ಈ ಮಾತನ್ನು ಹೇಳುವಾಗಲೆಲ್ಲ ನನಗೆ ಎದೆ ಉಬ್ಬುತ್ತೆ.

ಕೈ ಎಟುಕುವ ಮಾತು ಬಂತಲ್ಲ. ಇಂಗ್ಲಿಷರ ಕಾಲದ ಜಿ ಬಾಸ್ ಅನ್ನುವ ತಗ್ಗು ಸ್ವರದ ಟ್ರೊಂಬೋನ್ ನೋಡಿದ್ದೇನೆ. ಅದರ ಸ್ಲೈಡು ಎಷ್ಟು ಉದ್ದ ಅಂದರೆ ದೊಡ್ಡವರ ಕೈಯೂ ಸಾಲದು. ಅದಕ್ಕೆ ಸ್ಲೈಡಿಗೆ ಒಂದು ಹಿಡಿ ಜೋಡಿಸಿರುತ್ತಾರೆ. ಕೈ ಪೂರ್ತಿ ಚಾಚಿದ ಮೇಲೆ ಹಿಡಿಯಿಂದ ಇನ್ನೂ ಮುಂದೆ ತಳ್ಳಬೇಕು.

ಪರೇಡಿನಲ್ಲಿ ನಾವು ಟ್ರೊಂಬೋನಿನವರು ಯಾವಾಗಲೂ ಮುಂದಿನ ಸಾಲು. ಮರ್ಯಾದೆಗೆ ಅಲ್ಲ, ಸ್ಲೈಡು ಮುಂದಿನವರ ಬೆನ್ನಿಗೆ ತಾಗಬಾರದು ಅಂತ. ಆದರೆ ಎದುರು ಬಿಸಿಲು, ಗಾಳಿ, ಧೂಳು ಎಲ್ಲ ಮೊದಲು ನಮಗೇ. ಒಂದು ಕಾಳು ಮರಳು ಸ್ಲೈಡಿಗೆ ಹೊಕ್ಕರೆ ಮುಗಿಯಿತು. ಕರ್ ಅಂತ ಸದ್ದು ಬಂದರೆ ನಮ್ಮ ಉಸ್ತಾದರ ಮುಖ ಕೆಂಪಾಗುತ್ತಿತ್ತು.

ಮಗೂಗೆ ಒಂದು ಪರೀಕ್ಷೆ ಹೇಳಿಕೊಡಿ. ಸ್ಲೈಡ್ ಲಾಕ್ ತೆಗೆದು, ತುದಿ ಕೆಳಗೆ ಮಾಡಿ, ಹೊರ ಸ್ಲೈಡನ್ನು ಕೈಯಲ್ಲಿ ಹಿಡಿದೇ ನಿಧಾನ ಸಡಿಲ ಮಾಡಿ. ಯಾರೂ ಎಳೆಯದೆ ತನ್ನ ಭಾರಕ್ಕೇ ಜಾರಬೇಕು. ನಡುವೆ ಎಲ್ಲಿ ನಿಂತರೂ ಅಲ್ಲಿ ತಗ್ಗು ಇದೆ ಅಥವಾ ಕೊಳವೆ ಸೊಟ್ಟ ಇದೆ. ಪೂರ್ತಿ ಕೈ ಬಿಡಬೇಡಿ, ನೆಲಕ್ಕೆ ಬಿದ್ದರೆ ಸ್ಲೈಡಿನ ಕಥೆ ಮುಗಿದ ಹಾಗೆ.

ದಾವಣಗೆರೆ_ಹುಡುಗ
ಸ್ಲೈಡಿಗೆ ಕೊಬ್ಬರಿ ಎಣ್ಣೆ ಹಾಕಿ ಮೇಡಂ. ನಮ್ಮಪ್ಪ ಬ್ಯಾಂಡ್ ಸೆಟ್ ಇಟ್ಟಿದ್ದರು, ಎಲ್ಲಕ್ಕೂ ಅದೇ.

ಹಳೇ_ಬ್ಯಾಂಡ್‌ಮನ್
ದಯವಿಟ್ಟು ಬೇಡ! ಓಹಾಯೋ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತೆ. ಸ್ಲೈಡಿಗೇ ಅಂತ ಕ್ರೀಮ್ ಸಿಗುತ್ತೆ, ಅದನ್ನು ತೆಳ್ಳಗೆ ಸವರಿ ಮೇಲೆ ನೀರು ಚಿಮುಕಿಸಬೇಕು. ಮತ್ತೆ ಆ ಕೆಂಪು ಬೆಲ್ಲಿಗೆ ಬ್ರಾಸೋ ಹಾಕಬೇಡಿ. ಮೇಲಿನ ಲ್ಯಾಕರ್ (ತೆಳ್ಳನೆಯ ರಕ್ಷಣೆಯ ಲೇಪ) ಹೋಗುತ್ತೆ, ಕೆತ್ತನೆಯೂ ಸವೆಯುತ್ತೆ.

ದಾವಣಗೆರೆ_ಹುಡುಗ
ಸರಿ ಸರ್, ನಮ್ಮ ಕಡೆ ಬಿಸಿಲಿಗೆ ನಡೆಯುತ್ತಿತ್ತು. ನಮ್ಮಪ್ಪನ ಸೆಟ್ಟಿನಲ್ಲಿ ಇದ್ದದ್ದು ಮೂರು ಬಟನ್ನಿನ ಟ್ರೊಂಬೋನ್, ಮೀರತ್ತಿನ ಮಾಲು. ಮೆರವಣಿಗೆಯಲ್ಲಿ ಸ್ಲೈಡ್ ಚಾಚಲು ಜಾಗ ಎಲ್ಲಿ? ಕುಣಿಯುವ ಹುಡುಗರು ಮೈಮೇಲೇ ಬರುತ್ತಾರೆ. ಮೀರತ್ತಿನ ಜಾಲಿ ಕೋಠಿ ಅನ್ನುವ ಕಡೆ ಇಡೀ ಬೀದಿಯೇ ಬ್ಯಾಂಡ್ ವಾದ್ಯಗಳದ್ದು. ಅಪ್ಪನ ಜೊತೆ ಒಮ್ಮೆ ಹೋಗಿದ್ದೆ. ಒಬ್ಬರು ಯೂಫೋನಿಯಮ್ಮಿನ ಹೊಟ್ಟೆಯಲ್ಲಿ ಬಿದ್ದ ತಗ್ಗನ್ನು ಒಳಗಿನಿಂದ ಕಬ್ಬಿಣದ ಗುಂಡು ಉರುಳಿಸಿ ಎತ್ತುತ್ತಿದ್ದರು. ಒಂದು ಕೈ ಒಳಗೆ, ಇನ್ನೊಂದು ಕೈಯ ಹೆಬ್ಬೆರಳು ಹೊರಗೆ. ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದರು.

ಮೈಸೂರು_ವಾಸಿ
ಬ್ಯಾಂಡ್ ಅಂದರೆ ನಮ್ಮ ಮೈಸೂರು ಬಿಟ್ಟು ಮಾತಾಡಿದರೆ ಹೇಗೆ! ಅರಮನೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಇಂದಿಗೂ ಪೊಲೀಸ್ ಬ್ಯಾಂಡಿನಲ್ಲಿ ಎರಡೂ ಉಳಿದಿವೆ. ದಸರಾ ಸಮಯದಲ್ಲಿ ಅರಮನೆ ಮುಂದೆ ನಿಂತು ಕೇಳಿದರೆ ಗೊತ್ತಾಗುತ್ತೆ. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು.

ಜ್ಞಾನಪಿಪಾಸು
ಎಲ್ಲಿಂದ ಎಲ್ಲಿಗೋ ಹೋಯಿತು. ಕಾನ್ ಯಾರು ಅಂತ ಕೇಳಿದ್ದರಲ್ಲ, ಅದನ್ನು ಯಾರಾದರೂ ಹೇಳಿ.

ಸ್ಲೈಡ್_ಶ್ರೀ
ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಚಾರ್ಲ್ಸ್ ಜೆರಾರ್ಡ್ ಕಾನ್ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕ. ಯುದ್ಧ ಮುಗಿದ ಮೇಲೆ ಎಲ್ಕ್‌ಹಾರ್ಟಿಗೆ ಬಂದು ಬೇಕರಿ, ದಿನಸಿ ಅಂಗಡಿ ನಡೆಸಿದ. ಊರಿನ ಬ್ಯಾಂಡಿನಲ್ಲಿ ಕಾರ್ನೆಟ್ (ಟ್ರಂಪೆಟ್ಟಿನ ಹಾಗಿರುವ ವಾದ್ಯ) ಊದುತ್ತಿದ್ದ. ಒಂದು ಜಗಳದಲ್ಲಿ ಅವನ ತುಟಿ ಒಡೆಯಿತು ಅಂತ ಕಥೆ ಹೇಳುತ್ತಾರೆ. ಲೋಹದ ಮೌತ್‌ಪೀಸ್ ಒತ್ತಿದರೆ ನೋವು. ಅವನು ಅಂಚಿಗೆ ರಬ್ಬರ್ ಹಾಕಿ ನೋಡಿದ. ಬೇರೆಯವರೂ ಬೇಕು ಅಂದರು. 1875ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮರುವರ್ಷ ಯೂಜೀನ್ ಡ್ಯೂಪಾಂಟ್ ಅನ್ನುವ ಕೆಲಸಗಾರನ ಜೊತೆ ಸೇರಿ ಕಾರ್ನೆಟ್ಟುಗಳನ್ನೇ ಮಾಡಲು ಶುರು ಮಾಡಿದ.

1883ರಲ್ಲಿ ಕಾರ್ಖಾನೆ ಸುಟ್ಟುಹೋಯಿತು. ಮತ್ತೆ ಕಟ್ಟಿದ. 1910ರಲ್ಲಿ ಮತ್ತೆ ಬೆಂಕಿ. ಮತ್ತೆ ಕಟ್ಟಿದ. ನಡುವೆ ಊರಿನ ಮೇಯರ್ ಆದ, ಅಮೆರಿಕದ ಸಂಸತ್ತಿಗೂ ಹೋದ. 1915ರಲ್ಲಿ ಕಂಪನಿಯನ್ನು ಕಾರ್ಲ್ ಗ್ರೀನ್‌ಲೀಫ್‌ಗೆ ಮಾರಿದ. ಅಷ್ಟರಲ್ಲಿ ಅವನ ಹತ್ತಿರ ಕೆಲಸ ಕಲಿತವರು ಅದೇ ಊರಲ್ಲಿ ಬೇರೆ ಬೇರೆ ಕಾರ್ಖಾನೆ ತೆರೆದಿದ್ದರು. ಎಲ್ಕ್‌ಹಾರ್ಟ್ ಅಂದರೆ ಬ್ಯಾಂಡ್ ವಾದ್ಯಗಳ ಊರು ಅಂತ ಆಗಿಹೋಯಿತು.

ಸಹನಾ ಅವರೇ, ನಿಮ್ಮ ಮಗಳ ಶಾಲೆಯಲ್ಲಿ ಬ್ಯಾಂಡ್ ಒಂದು ಪಾಠ ಆಗಿರುವುದಕ್ಕೂ ಇವರಿಗೂ ನಂಟಿದೆ. ಗ್ರೀನ್‌ಲೀಫ್ ಮತ್ತು ಬೇರೆ ತಯಾರಕರು ಶಾಲೆಗಳಲ್ಲಿ ಬ್ಯಾಂಡ್ ಕಟ್ಟಲು ಬೆನ್ನಿಗೆ ನಿಂತರು. 1923ರಲ್ಲಿ ಶಿಕಾಗೋದಲ್ಲಿ ಮೊದಲ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯಿತು. ವ್ಯಾಪಾರವೂ ಇತ್ತು ನಿಜ, ಆದರೆ ಅದರಿಂದ ಲಕ್ಷಾಂತರ ಮಕ್ಕಳ ಕೈಗೆ ವಾದ್ಯ ಬಂತು. ನಿಮ್ಮ ಡೈರೆಕ್ಟರ್ ಸಾಲಿನ ವಾದ್ಯವನ್ನು ಮಾಡಿದ್ದೇ ಶಾಲೆಯ ಮಕ್ಕಳಿಗೆ ಅಂತ. ಆ ನಕ್ಷತ್ರದ ಕೆತ್ತನೆ ನೋಡಿದರೆ 1950, 60ರ ದಶಕದ್ದು.

ಶಿಕಾಗೋ_ಸೋಮು
ಶ್ರೀ ಅವರೇ, ಕಾನ್ ಅಂದರೆ 88ಎಚ್ ಅಲ್ವಾ? ಅದರ ಬೆಲ್ಲೂ ಕೆಂಪು. ಇವರದ್ದು ಅದೇ ಆಗಿದ್ದರೆ ಒಳ್ಳೇ ಬೆಲೆ ಬರುತ್ತೆ.

ಸ್ಲೈಡ್_ಶ್ರೀ
ಅಲ್ಲ ಸೋಮು ಅವರೇ, ಎರಡಕ್ಕೂ ತುಂಬಾ ವ್ಯತ್ಯಾಸ. 88ಎಚ್ ಆರ್ಕೆಸ್ಟ್ರಾದವರ ವಾದ್ಯ, 1950ರ ದಶಕದಲ್ಲಿ ಬಂದದ್ದು. ಕೊಳವೆಯ ಒಳವ್ಯಾಸ ದೊಡ್ಡದು, 13.9 ಮಿಲಿಮೀಟರ್. ಹಿಂದೆ ಎಫ್ ವಾಲ್ವ್ ಇರುತ್ತೆ. ಹೆಬ್ಬೆರಳಿಂದ ಒತ್ತಿದರೆ ಇನ್ನೊಂದು ಸುತ್ತು ಕೊಳವೆ ಸೇರಿ ಸ್ವರ ಕೆಳಗಿಳಿಯುತ್ತೆ. ಈ ಉಪಾಯ ಲೈಪ್ಸಿಗ್ಗಿನ ಸಾಟ್ಲರ್ ಅನ್ನುವವನದ್ದು, 1839. ಅದರ ಬೆಲ್ ರೋಸ್ ಬ್ರಾಸ್, ನೂರಕ್ಕೆ 90 ತಾಮ್ರ, 10 ಸತು. ಸಾಮಾನ್ಯ ಹಳದಿ ಹಿತ್ತಾಳೆಯಲ್ಲಿ 70ಕ್ಕೆ 30. ಇವರದ್ದು ಶುದ್ಧ ತಾಮ್ರ, ವಾಲ್ವ್ ಇಲ್ಲದ, ಸಪೂರ ಕೊಳವೆಯ ವಿದ್ಯಾರ್ಥಿ ವಾದ್ಯ. ಬೆಲೆ ಕಡಿಮೆ, ಆದರೆ ಮಗುವಿನ ಕೈಗೆ, ಉಸಿರಿಗೆ ಇದೇ ಸರಿ.

ಗಮಕಪ್ರಿಯ
ತಾಮ್ರದ್ದಾದರೆ ನಾದ ಮೃದು ಇರುತ್ತೆ, ತಂಪು ಇರುತ್ತೆ. ಲೋಹದ ಗುಣ ನಾದಕ್ಕೆ ಬಂದೇ ಬರುತ್ತೆ.

ಲೆಕ್ಕದ_ಮೇಷ್ಟ್ರು
ಅಷ್ಟು ಸುಲಭವಾಗಿ ಹೇಳಬೇಡಿ. ಟ್ರೊಂಬೋನಿನಲ್ಲಿ ನುಡಿಯುವುದು ಒಳಗಿನ ಗಾಳಿ. ವೀಣೆಯ ಕೊಡದ ಹಾಗೆ ಲೋಹ ನುಡಿಯುವುದಿಲ್ಲ. ಗಾಳಿಗೆ ಗೊತ್ತಾಗುವುದು ಕೊಳವೆಯ ಆಕಾರ. ಎಲ್ಲಿ ಎಷ್ಟು ಅಗಲ, ಎಷ್ಟು ಬೇಗ ಅರಳುತ್ತೆ, ಬಾಯಿ ಹತ್ತಿರದ ಸಣ್ಣ ಕೊಳವೆ ಎಷ್ಟು ಇಳಿಜಾರು. ಒಂದೇ ಅಚ್ಚಿನ ಮೇಲೆ ತಾಮ್ರ, ಹಿತ್ತಾಳೆ ಎರಡನ್ನೂ ಮಾಡಿ ಪರದೆಯ ಹಿಂದೆ ಊದಿಸಿ, ಎಷ್ಟು ಜನ ಗುರುತಿಸುತ್ತಾರೆ ನೋಡೋಣ.

ಹಳೇ_ಬ್ಯಾಂಡ್‌ಮನ್
ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ನಾನು ಎದುರಾಡುವುದಿಲ್ಲ. ಆದರೆ ಊದುವವನಿಗೆ ಗೊತ್ತಾಗುತ್ತೆ. ಎಡಗೈ ವಾದ್ಯವನ್ನು ಹಿಡಿದಿರುತ್ತೆ, ಬೆಲ್ ಕಿವಿಯ ಪಕ್ಕದಲ್ಲೇ ಇರುತ್ತೆ. ಜೋರಾಗಿ ಊದಿದಾಗ ತೆಳ್ಳನೆಯ ಬೆಲ್ ಕೈಯಲ್ಲಿ ನಡುಗುವುದು ತಿಳಿಯುತ್ತೆ. ಆ ನಡುಕ ಕೇಳುಗರಿಗೆ ತಲುಪದೇ ಇರಬಹುದು. ಆದರೆ ಅದನ್ನು ಕೇಳಿಕೊಂಡೇ ನಾನು ಊದುವ ರೀತಿ ಬದಲಾಗುತ್ತೆ ತಾನೇ?

ಲೆಕ್ಕದ_ಮೇಷ್ಟ್ರು
ಅದನ್ನು ಒಪ್ಪುತ್ತೇನೆ. ಅದು ಬೇರೆ ಪ್ರಶ್ನೆ.

ಪೀಣ್ಯ_ಪ್ಲೇಟಿಂಗ್
ನನ್ನ ಪ್ರಶ್ನೆ ಸ್ಲೈಡಿನ ಬಗ್ಗೆ. ಎರಡು ಕೊಳವೆ ಒಂದರೊಳಗೊಂದು ಅಷ್ಟು ಉದ್ದಕ್ಕೆ ಉಜ್ಜಿದರೆ ಘರ್ಷಣೆ ಭಾರೀ ಆಗಬೇಕಲ್ಲ?

ಸ್ಲೈಡ್_ಶ್ರೀ
ಪೂರ್ತಿ ಉಜ್ಜುವುದಿಲ್ಲ, ಅದೇ ಅದರ ಗುಟ್ಟು. ಒಳಕೊಳವೆಯ ತುದಿಯ ಕೆಲವು ಇಂಚು ಮಾತ್ರ ಒಂದು ಕೂದಲಷ್ಟು ದಪ್ಪ. ಅದಕ್ಕೆ ಸ್ಟಾಕಿಂಗ್ ಅನ್ನುತ್ತಾರೆ. ಉಜ್ಜುವುದು ಅಷ್ಟೇ ಭಾಗ. ಒಳಕೊಳವೆ ಸಾಮಾನ್ಯವಾಗಿ ನಾವು ಜರ್ಮನ್ ಸಿಲ್ವರ್ ಅನ್ನುವ ಲೋಹ, ಮೇಲೆ ಕ್ರೋಮ್ ಪ್ಲೇಟಿಂಗ್. ಹೊರಕೊಳವೆ ಹಿತ್ತಾಳೆ. ಎರಡೂ ಕಾಲು ಒಂದಕ್ಕೊಂದು ಸಮಾನಾಂತರ ಇರಬೇಕು, ಅಂತರ ಮೇಲೆ ಕೆಳಗೆ ಒಂದೇ ಇರಬೇಕು, ತಿರುಚು ಇರಬಾರದು. ರಿಪೇರಿಯವರು ಸರ್ಫೇಸ್ ಪ್ಲೇಟ್ (ತೀರಾ ಸಮತಟ್ಟಾದ ಹಲಗೆ) ಮೇಲೆ ಇಟ್ಟು ನೋಡುತ್ತಾರೆ.

ಪೀಣ್ಯ_ಪ್ಲೇಟಿಂಗ್
ಸರ್ಫೇಸ್ ಪ್ಲೇಟ್ ಅಂದ ಮೇಲೆ ನಮ್ಮ ಟೂಲ್‌ರೂಮಿನ ಕೆಲಸವೇ. ಈಗ ಅರ್ಥ ಆಯ್ತು. ಪ್ಲೇಟಿಂಗಿನ ದಪ್ಪವನ್ನೂ ಲೆಕ್ಕ ಹಿಡಿದೇ ಕೊಳವೆ ಎಳೆಯಬೇಕು. ಇಲ್ಲದಿದ್ದರೆ ಕ್ರೋಮ್ ಕೂತ ಮೇಲೆ ಒಳಗೆ ಹೋಗುವುದೇ ಇಲ್ಲ.

ಶಿಕಾಗೋ_ಸೋಮು
ಇನ್ನೊಂದು ದೊಡ್ಡ ಹೆಸರು ಬಾಕ್ ಇದೆಯಲ್ಲ? ನನ್ನ ಮಗನ ಗುರುಗಳು ಬಾಕ್ 42 ಬಿಟ್ಟು ಬೇರೆ ಮುಟ್ಟುವುದಿಲ್ಲ.

ಸ್ಲೈಡ್_ಶ್ರೀ
ವಿನ್ಸೆಂಟ್ ಬಾಕ್ ಕಥೆ ಕೇಳಿದರೆ ಸಹನಾ ಅವರಿಗೆ ಆಶ್ಚರ್ಯ ಆಗುತ್ತೆ. ಆತ ವಿಯೆನ್ನಾ ಹತ್ತಿರ 1890ರಲ್ಲಿ ಹುಟ್ಟಿದವನು. ಓದಿದ್ದು ಇಂಜಿನಿಯರಿಂಗ್, ಮನಸ್ಸು ಟ್ರಂಪೆಟ್ಟಿನಲ್ಲಿ. 1914ರಲ್ಲಿ ಅಮೆರಿಕಕ್ಕೆ ಬಂದ. ಒಮ್ಮೆ ತನ್ನ ಮೌತ್‌ಪೀಸನ್ನು ರಿಪೇರಿಗೆ ಕೊಟ್ಟರೆ ಅವರು ಅದನ್ನು ಕೆಡಿಸಿಬಿಟ್ಟರು. ಆಮೇಲೆ ತಾನೇ ಲೇತ್ ಹಿಡಿದು ಮೌತ್‌ಪೀಸ್ ಮಾಡಲು ಕಲಿತ. 1918ರಲ್ಲಿ ನ್ಯೂಯಾರ್ಕಿನಲ್ಲಿ ವ್ಯಾಪಾರ ಶುರು. 1924ರಲ್ಲಿ ಟ್ರಂಪೆಟ್, 1928ರಲ್ಲಿ ಟ್ರೊಂಬೋನ್. 1961ರಲ್ಲಿ ಸೆಲ್ಮರ್ ಕಂಪನಿಗೆ ಮಾರಿದ, ಕೆಲಸ ಎಲ್ಲ ಎಲ್ಕ್‌ಹಾರ್ಟಿಗೇ ಬಂತು. 2003ರಲ್ಲಿ ಕಾನ್, ಸೆಲ್ಮರ್ ಎರಡೂ ಒಂದೇ ಕಂಪನಿ ಆದವು.

ಇಬ್ಬರೂ ಶುರು ಮಾಡಿದ್ದು ಮೌತ್‌ಪೀಸಿನಿಂದ. ಒಬ್ಬನಿಗೆ ತುಟಿ ಒಡೆದು, ಇನ್ನೊಬ್ಬನಿಗೆ ರಿಪೇರಿಯವರು ಕೆಡಿಸಿ.

ಸಹನಾ_ಕೊಲಂಬಸ್
ಇಕ್ಕಳದ ಗುರುತು ನೋಡಿದಾಗಲೆಲ್ಲ ಸಂಕಟ ಆಗುತ್ತಿತ್ತು. ಮಗಳಿಗೆ ಈ ಕಥೆ ಹೇಳಿದೆ. ಎರಡು ಸಲ ಹೇಳಿಸಿಕೊಂಡಳು.

ಕಾರ್ಮಿಕ_ಮಿತ್ರ
ಕಂಪನಿ ಕೊಳ್ಳುವವರ, ಮಾರುವವರ ಹೆಸರು ಬಂತು. ಮಾಡಿದವರ ಮಾತೂ ಬರಲಿ. 2006ರ ಏಪ್ರಿಲ್‌ನಲ್ಲಿ ಎಲ್ಕ್‌ಹಾರ್ಟಿನ ಬಾಕ್ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಮೂರು ವರ್ಷ ನಡೆಯಿತು, 2009ರವರೆಗೆ. ಬೆಲ್ ಬಡಿಯುವುದು, ಸ್ಲೈಡ್ ಕೂಡಿಸುವುದು ವರ್ಷಗಟ್ಟಲೆ ಕಲಿಯುವ ಕೆಲಸ. ಅಷ್ಟು ನುರಿತ ಕೈಗಳು ಗೇಟಿನ ಹೊರಗೆ ನಿಂತದ್ದು ನನಗೆ ತುಂಬಾ ನೋವಿನ ವಿಷಯ.

ಕಂಚುಗಾರ_ಓಣಿ
ನಿಮ್ಮ ಮಾತು ಮನಸ್ಸಿಗೆ ತಾಗಿತು. ನಮ್ಮ ಓಣಿಯಲ್ಲಿ ಈಗ ಬಡಿಯುವ ಮನೆ ಒಂದೇ.

ಸ್ಲೈಡ್_ಶ್ರೀ
ಕಾನ್ ವಿಷಯದಲ್ಲೂ ಹಾಗೇ ಆಯಿತು. 1969ರಲ್ಲಿ ಕಂಪನಿ ಬೇರೆಯವರ ಪಾಲಾಯಿತು. ಹಿತ್ತಾಳೆ ಕೆಲಸವನ್ನು ಟೆಕ್ಸಸ್ಸಿನ ಆ್ಯಬಿಲೀನ್‌ಗೆ ಸಾಗಿಸಿದರು. ಯಂತ್ರ ಹೋಯಿತು, ಕೈಗಳೆಲ್ಲ ಜೊತೆಗೆ ಹೋಗಲಿಲ್ಲ. ಅದಕ್ಕೇ ಇವತ್ತಿಗೂ ಟ್ರೊಂಬೋನಿನವರು "ಎಲ್ಕ್‌ಹಾರ್ಟ್ ಕಾನ್" ಅಂತ ಬೇರೆಯಾಗಿಯೇ ಹುಡುಕುತ್ತಾರೆ.

ಸಹನಾ ಅವರೇ, ಈಗ ಕೆಲಸದ ಮಾತು. ಮೌತ್‌ಪೀಸ್ ತೆಗೆಯಲು ಪುಲ್ಲರ್ ಅಂತ ಸಣ್ಣ ಸಾಧನ ಇದೆ. ನೇರವಾಗಿ ಹಿಂದಕ್ಕೆ ಎಳೆಯುತ್ತೆ, ತಿರುವುವುದಿಲ್ಲ. ಎಷ್ಟೋ ಬ್ಯಾಂಡ್ ಮೇಷ್ಟರ ಹತ್ತಿರ ಇರುತ್ತೆ, ಮೊದಲು ಶಾಲೆಯಲ್ಲಿ ಕೇಳಿ. ತಿರುವಿದರೆ ಕೊಳವೆಗಳ ನಡುವಿನ ಅಡ್ಡಪಟ್ಟಿಯ ಬೆಸುಗೆ ಬಿಡುತ್ತೆ. ಆಮೇಲೆ ಹಿತ್ತಾಳೆ ವಾದ್ಯದ ರಿಪೇರಿಯನ್ನೇ ಕಸುಬಾಗಿ ಮಾಡುವ ಒಬ್ಬರ ಹತ್ತಿರ ಸ್ಲೈಡ್ ತೋರಿಸಿ.

ಸಹನಾ_ಕೊಲಂಬಸ್
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಲು ಬಂದೆ.

ಬ್ಯಾಂಡ್ ಟೀಚರ್ ಹತ್ತಿರ ಪುಲ್ಲರ್ ಇತ್ತು. ಎರಡೂ ಕಡೆ ತಿರುಪು ಬಿಗಿ ಮಾಡಿದರು. ಟಕ್ ಅಂತ ಸದ್ದು, ಮೌತ್‌ಪೀಸ್ ಕೈಗೆ ಬಂತು. ಒಂದು ನಿಮಿಷವೂ ಆಗಲಿಲ್ಲ. ಟೀಚರ್ ಹೇಳಿದ ರಿಪೇರಿಯವರು ಊರಾಚೆ ಮನೆಯಲ್ಲೇ ಕೆಲಸ ಮಾಡುತ್ತಾರೆ. ಎಪ್ಪತ್ತು ದಾಟಿದೆ. ಬೆಲ್ ನೋಡಿದ ಕೂಡಲೇ "ಕೊಪ್ರಿಯಾನ್" ಅಂದರು. ಒಳಸ್ಲೈಡನ್ನು ಕಪ್ಪು ಕಲ್ಲಿನ ಚಪ್ಪಟೆ ಹಲಗೆ ಮೇಲೆ ಇಟ್ಟು, ಕೆಳಗೆ ಬೆಳಕು ನುಸುಳುವುದನ್ನು ಮಗಳಿಗೆ ತೋರಿಸಿದರು. ಒಂದು ಕಡೆ ಬೆಳಕು ಗೆರೆಯಷ್ಟು, ಇನ್ನೊಂದು ಕಡೆ ಇಲ್ಲವೇ ಇಲ್ಲ. ಕೈಯಿಂದಲೇ ಒತ್ತಿ ಸರಿ ಮಾಡಿದರು. ಮೂರು ಸಣ್ಣ ತಗ್ಗು ಎತ್ತಿದರು. ಒಟ್ಟು 85 ಡಾಲರ್. ಇಕ್ಕಳದ ಗುರುತನ್ನು ಅರದಿಂದ ನಯ ಮಾಡಿದರು, ಪೂರ್ತಿ ಹೋಗಿಲ್ಲ.

ಹಳೇ ಬ್ಯಾಂಡ್‌ಮನ್ ಸರ್, ನೀವು ಹೇಳಿದ ಪರೀಕ್ಷೆ ಮಾಡಿದೆವು. ನಿಲ್ಲದೆ ಜಾರಿತು.

ಹಳೇ_ಬ್ಯಾಂಡ್‌ಮನ್
ಬಹಳ ಸಂತೋಷ ತಾಯಿ. ಮಗೂಗೆ ಮೊದಲ ತಿಂಗಳು ಉದ್ದ ಸ್ವರ ಮಾತ್ರ ಊದಲು ಹೇಳಿ. ಊದಿ ಮುಗಿದ ಮೇಲೆ ಪ್ರತಿ ಸಲ ನೀರು ಕೀಲಿ ಒತ್ತಿ ನೀರು ಹೊರಹಾಕಬೇಕು, ಸ್ಲೈಡಿನ ಒಳಗೆ ಒಣಬಟ್ಟೆ ಹಾಯಿಸಬೇಕು.

ಪೀಣ್ಯ_ಪ್ಲೇಟಿಂಗ್
ಮೇಡಂ, ಒಂದು ಕೋರಿಕೆ. ಬೆಲ್ಲಿನ ಅಂಚಿನ ಹತ್ತಿರದ ಮತ್ತು ಕುತ್ತಿಗೆ ಹತ್ತಿರದ ಒಂದೊಂದು ಫೋಟೋ ಹಾಕುತ್ತೀರಾ? ಅಂಚಿನಲ್ಲಿ ತಾಮ್ರ ಹೇಗೆ ಕೂತಿದೆ ನೋಡಬೇಕು.

ಸಹನಾ_ಕೊಲಂಬಸ್
ಖಂಡಿತ ಸರ್. ಅವಳು ಶಾಲೆಗೆ ಒಯ್ದಿದ್ದಾಳೆ, ಸಂಜೆ ಬಂದ ಮೇಲೆ ಹಾಕುತ್ತೇನೆ.